ಪುಸ್ತಕವನ್ನು ತುಳಿದ ಹುಡುಗ

ಶಾಲೆಯ ಮೊದಲ ದಿನ. ಆರು ವರ್ಷದ ಹುಡುಗನೊಬ್ಬನ ಕೈಗೆ ಟೀಚರ್ ಒಂದು ಓದುವ ಪುಸ್ತಕ ಕೊಡುತ್ತಾರೆ. ಬಟ್ಟೆಗೆ ಒಂದಿಷ್ಟು ಧೂಳು ತಗಲಿದರೂ ಸಹಿಸದ ಹುಡುಗ ಅವನು. ಪುಸ್ತಕವೋ ಕೊಳಕಾಗಿದೆ, ಹಾಳೆಗಳು ಹರಿದಿವೆ. ಬೇರೆಯದು ಕೊಡಿ ಎಂದು ವಿನಯದಿಂದಲೇ ಕೇಳುತ್ತಾನೆ. ಸಿಗುವುದಿಲ್ಲ. ಹೋಗಲಿ ಎಂದು ರಟ್ಟು ತೆರೆದು ನೋಡಿದವನು ಮರುಗಳಿಗೆಯಲ್ಲೇ ಅದನ್ನು ನೆಲಕ್ಕೆಸೆದು ಕಾಲಿನಿಂದ ತುಳಿಯತೊಡಗುತ್ತಾನೆ. ರಟ್ಟಿನ ಒಳಬದಿಯಲ್ಲಿ ಒಂದು ಪಟ್ಟಿಯಿದೆ. ಆ ಪುಸ್ತಕ ಯಾವ ವರ್ಷ, ಯಾವ ಸ್ಥಿತಿಯಲ್ಲಿ, ಯಾವ ಜನಾಂಗದ ವಿದ್ಯಾರ್ಥಿಗೆ ಕೊಡಲ್ಪಟ್ಟಿತು ಎಂಬ ವಿವರ. ಹೊಸತಾಗಿದ್ದಾಗಿನಿಂದ ವರ್ಷಗಟ್ಟಲೆ ಬಿಳಿಯ ಮಕ್ಕಳ ಕೈಯಲ್ಲಿದ್ದು, ತೀರಾ ಹಾಳಾದ ಮೇಲೆ ಅದು ಈ ಶಾಲೆಗೆ ಬಂದಿದೆ. ಕೊನೆಯ ಸಾಲಿನಲ್ಲಿ ಇವನ ಜನಾಂಗದ ಹೆಸರಿದೆ. ಅದೂ ಅವಹೇಳನದ ಹೆಸರು.

ಪುಸ್ತಕಕ್ಕೆ ಅರಿಯದೆ ಕಾಲು ತಾಗಿದರೂ ತಕ್ಷಣ ಎತ್ತಿ ಕಣ್ಣಿಗೊತ್ತಿಕೊಳ್ಳಲು ಕಲಿತು ಬೆಳೆದವರು ನಾವು. ಈ ವಿಷಯದಲ್ಲಿ ನಮ್ಮ ನಾಡಿನ ಹಿಂದೂ ಮನೆ, ಮುಸ್ಲಿಂ ಮನೆ ಎಂಬ ಭೇದವಿಲ್ಲ. ಹಾಗಿರುವಾಗ ಬೇಕೆಂದೇ ಪುಸ್ತಕವನ್ನು ತುಳಿಯುವ ಹುಡುಗನ ಕಥೆ ನಮ್ಮ ಮಕ್ಕಳಿಗೆ ತಕ್ಕುದೇ? ಅದನ್ನು ಬರೆದವರಿಗೆ ದೇಶದ ಅತ್ಯುನ್ನತ ಮಕ್ಕಳ ಸಾಹಿತ್ಯ ಪ್ರಶಸ್ತಿ ಕೊಡಬಹುದೇ?

ಅಮೆರಿಕದಲ್ಲಿ ಕೊಟ್ಟಿದ್ದಾರೆ. ಕಪ್ಪು ಜನಾಂಗದ ಲೇಖಕಿ ಮಿಲ್ಡ್ರೆಡ್ ಟೇಲರ್ ಬರೆದ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' ಎಂಬ ಕಾದಂಬರಿಗೆ 1977ರಲ್ಲಿ ನ್ಯೂಬೆರಿ ಪದಕ ದೊರೆಯಿತು. 1933ರ ಮಿಸಿಸಿಪ್ಪಿ ರಾಜ್ಯದ ಹಳ್ಳಿಯೊಂದರಲ್ಲಿ ಸ್ವಂತ ಭೂಮಿ ಉಳಿಸಿಕೊಳ್ಳಲು ಹೆಣಗುವ ಲೋಗನ್ ಎಂಬ ಕುಟುಂಬದ ಕಥೆ ಅದು. ಮೇಲಿನ ದೃಶ್ಯ ಅದರ ಮೊದಲ ಅಧ್ಯಾಯದಲ್ಲೇ ಬರುತ್ತದೆ. ಮಕ್ಕಳ ಪುಸ್ತಕವೊಂದಕ್ಕೆ ಮನ್ನಣೆ ಯಾವುದರಿಂದ ಬರುತ್ತದೆ, ಯಾವುದರಿಂದ ಬರಬೇಕು ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ.

ನ್ಯೂಬೆರಿ ಪದಕದ ಹಿನ್ನೆಲೆ ಸ್ವಾರಸ್ಯಕರವಾಗಿದೆ. ಜಾನ್ ನ್ಯೂಬೆರಿ 18ನೆಯ ಶತಮಾನದ ಲಂಡನ್ನಿನ ಪುಸ್ತಕ ವ್ಯಾಪಾರಿ. 1744ರಲ್ಲಿ ಆತ ಮಕ್ಕಳಿಗಾಗಿ ಒಂದು ಪುಟ್ಟ ಪುಸ್ತಕ ಹೊರತಂದ. ಅದರ ಜೊತೆಗೆ ಹುಡುಗರಿಗೆ ಚೆಂಡು, ಹುಡುಗಿಯರಿಗೆ ಗುಂಡುಸೂಜಿ ಚುಚ್ಚಿಡುವ ಮೆತ್ತೆ. ಇವನ್ನು ಬಳಸಿದರೆ ಮಕ್ಕಳು ಖಂಡಿತ ಒಳ್ಳೆಯವರಾಗುತ್ತಾರೆ ಎಂಬ ಭರವಸೆಯೂ ಇತ್ತು! ಅಂದರೆ ನೀತಿಯನ್ನು ಆಟಿಕೆಯ ಜೊತೆ ಕಟ್ಟಿ ಮಾರಿದ ಜಾಣ ಅವನು. ಫ್ರೆಡರಿಕ್ ಮೆಲ್ಚರ್ ಎಂಬವರ ಸಲಹೆಯಂತೆ ಅಮೆರಿಕದ ಗ್ರಂಥಪಾಲಕರ ಸಂಘ ಅವನ ಹೆಸರಿನಲ್ಲಿ ಪದಕವೊಂದನ್ನು ಸ್ಥಾಪಿಸಿತು. 1922ರಿಂದ ಅದನ್ನು ಪ್ರತಿವರ್ಷ ಕೊಡಲಾಗುತ್ತಿದೆ. ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗಾಗಿ ಹಿಂದಿನ ವರ್ಷ ಅಮೆರಿಕದಲ್ಲಿ ಪ್ರಕಟವಾದ ಪುಸ್ತಕಗಳಲ್ಲಿ ಶ್ರೇಷ್ಠವಾದುದಕ್ಕೆ ಪದಕ, ಅದರ ನಂತರದ ಕೆಲವಕ್ಕೆ 'ಆನರ್' ಗೌರವ. ತಮಾಷೆಯೆಂದರೆ ನೀತಿ ಮಾರಿದವನ ಹೆಸರಿನ ಈ ಪ್ರಶಸ್ತಿಯ ಈಗಿನ ನಿಯಮಗಳಲ್ಲಿ ಒಂದು ಸ್ಪಷ್ಟ ಸೂಚನೆಯಿದೆ: ಪ್ರಶಸ್ತಿ ಸಾಹಿತ್ಯಿಕ ಗುಣಕ್ಕೆ, ನೀತಿಬೋಧನೆಗೂ ಅಲ್ಲ, ಜನಪ್ರಿಯತೆಗೂ ಅಲ್ಲ.

ಈ ಮಾತು ಓದಿದಾಗ ನಮ್ಮಲ್ಲಿ ಹಲವರಿಗೆ ಇರುಸುಮುರುಸಾಗುವುದು ಸಹಜ. ಹಬ್ಬಕ್ಕೆ, ಶಾಲೆಯ ರಜೆಗೆ ಮಕ್ಕಳಿಗೊಂದು ಪುಸ್ತಕ ಹೇಳಿ ಎಂದು ಕೇಳುವ ಹೆತ್ತವರು ಮರುಮಾತಿನಲ್ಲೇ "ಒಳ್ಳೆಯ ನೀತಿ ಇರುವಂಥದ್ದು" ಎಂದು ಸೇರಿಸುತ್ತಾರೆ. ಅವರನ್ನು ನಾನು ಹಾಸ್ಯ ಮಾಡುತ್ತಿಲ್ಲ. ಮಗುವಿನ ಕೈಗೆ ಏನು ಕೊಡುತ್ತೇವೆ ಎಂಬುದಕ್ಕೆ ನಾವು ಉತ್ತರ ಹೇಳಬೇಕಾದವರು. ಆದರೆ ನೀತಿ ಎಂದರೆ ನಮ್ಮ ಮನಸ್ಸಿನಲ್ಲಿರುವುದು ಹೆಚ್ಚಾಗಿ ಕಥೆಯ ಕೊನೆಗೆ ಅಂಟಿಸಿದ ಒಂದು ಸಾಲು. ಸುಳ್ಳು ಹೇಳಿದವನಿಗೆ ಶಿಕ್ಷೆ, ನಿಜ ಹೇಳಿದವನಿಗೆ ಬಹುಮಾನ. ಮಗು ಆ ಸಾಲನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತದೆ, ನಾವು ಸಂತುಷ್ಟರಾಗುತ್ತೇವೆ.

ಪವಿತ್ರ ಕುರ್‌ಆನ್ ಹೇಳಿದ ಕಥೆಯನ್ನೇ ನೋಡಿ. ಅಲ್ಲಾಹನು ಅತ್ಯುತ್ತಮ ಕಥೆಯೆಂದು ಕರೆದು ಹೇಳಿದ ಪ್ರವಾದಿ ಯೂಸುಫ್(ಅ)ರ ಕಥೆ ಆರಂಭವಾಗುವುದು ಒಬ್ಬ ಬಾಲಕ ತಂದೆಗೆ ತಾನು ಕಂಡ ಕನಸನ್ನು ಹೇಳುವುದರೊಂದಿಗೆ. ಮುಂದೆ ಬರುವುದೇನು? ಪ್ರವಾದಿಯ ಮನೆಯಲ್ಲೇ ಹುಟ್ಟಿದ ಅಣ್ಣಂದಿರ ಹೊಟ್ಟೆಕಿಚ್ಚು, ತಮ್ಮನನ್ನು ಬಾವಿಗಿಳಿಸುವ ಕ್ರೌರ್ಯ, ಸುಳ್ಳು ರಕ್ತ ಬಳಿದ ಅಂಗಿ, ತಂದೆಯ ಮುಂದೆ ಸುಳ್ಳು ಅಳು. ಈಜಿಪ್ಟಿನ ಪ್ರಭುವಿನ ಪತ್ನಿಯ ಪ್ರಸಂಗವನ್ನೂ ಅಲ್ಲಿ ಮುಚ್ಚಿಟ್ಟಿಲ್ಲ. ಶತಮಾನಗಳಿಂದ ಮುಸ್ಲಿಂ ಮಕ್ಕಳು ಇದನ್ನು ಕೇಳುತ್ತಾ ಬೆಳೆದಿದ್ದಾರೆ. ಇದರಲ್ಲಿ ನೀತಿ ಇಲ್ಲವೆಂದು ಯಾರೂ ಹೇಳಲಾರರು. ಆದರೆ ಅದು ಕಥೆಯ ಮೈಯೊಳಗಿದೆ, ಕೇಳುವವನ ಬುದ್ಧಿಯ ಮೇಲೆ ನಂಬಿಕೆಯಿಟ್ಟು ಹೇಳಿದ ಕಥೆ ಅದು. ನೀತಿಯಿರುವ ಪುಸ್ತಕಕ್ಕೂ ನೀತಿ ಹೇಳುವ ಪುಸ್ತಕಕ್ಕೂ ಇರುವ ಅಂತರ ಇಲ್ಲಿದೆ. ನ್ಯೂಬೆರಿಯ ನಿಯಮ ಹೊರಗಿಟ್ಟಿರುವುದು ಎರಡನೆಯದನ್ನು ಎಂದೇ ನನ್ನ ತಿಳುವಳಿಕೆ.

ದೊಡ್ಡವರ ಭಯ ಮಾತ್ರ ನಿಯಮಗಳಿಂದ ಹೋಗುವುದಿಲ್ಲ. 2007ರ ಪದಕ ಸೂಸನ್ ಪ್ಯಾಟ್ರನ್ ಬರೆದ 'ದಿ ಹೈಯರ್ ಪವರ್ ಆಫ್ ಲಕಿ' ಕಾದಂಬರಿಗೆ ಸಿಕ್ಕಿತು. ತಾಯಿಯನ್ನು ಕಳೆದುಕೊಂಡ ಹತ್ತು ವರ್ಷದ ಹುಡುಗಿಯ ಕಥೆ. ಮೊದಲ ಪುಟದಲ್ಲಿ ಹಾವು ಕಚ್ಚಿದ ನಾಯಿಯೊಂದರ ಪ್ರಸ್ತಾಪವಿದೆ. ಕಚ್ಚಿದ ಅಂಗದ ವೈದ್ಯಕೀಯ ಹೆಸರನ್ನು ಲೇಖಕಿ ಹಾಗೆಯೇ ಬರೆದಿದ್ದಾರೆ. ಆ ಒಂದು ಶಬ್ದಕ್ಕಾಗಿ ಕೆಲವು ಶಾಲಾ ಗ್ರಂಥಪಾಲಕರು ಪುಸ್ತಕವನ್ನೇ ಕಪಾಟಿನಲ್ಲಿಡಲು ನಿರಾಕರಿಸಿದರು. ಲಜ್ಜೆ ನಮ್ಮಲ್ಲಿ ವಿಶ್ವಾಸದ ಭಾಗ, ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ತಾಯಿಯಿಲ್ಲದ ಹುಡುಗಿಯ ಸಂಕಟದ ಕಥೆಯಲ್ಲಿ ಹಿರಿಯರ ಕಣ್ಣಿಗೆ ಬಿದ್ದದ್ದು ಆ ಒಂದು ಶಬ್ದ ಮಾತ್ರ ಎನ್ನುವಾಗ ಬೇಸರವಾಗುತ್ತದೆ.

ಹಾಗಾದರೆ ಮಕ್ಕಳನ್ನೇ ಕೇಳಬಾರದೇ? ಕೇಳುವ ಪ್ರಶಸ್ತಿಗಳೂ ಇವೆ. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಶಾಲಾ ಮಕ್ಕಳೇ ಮತ ಹಾಕಿ ಆರಿಸುವ ವಿಲಿಯಂ ಆಲೆನ್ ವೈಟ್ ಪ್ರಶಸ್ತಿಯಿದೆ. 1953ರಲ್ಲಿ ಮಕ್ಕಳು ಆರಿಸಿದ ಮೊದಲ ಪುಸ್ತಕ ಎಲಿಜಬೆತ್ ಯೇಟ್ಸ್ ಅವರ 'ಏಮಸ್ ಫಾರ್ಚೂನ್, ಫ್ರೀ ಮ್ಯಾನ್'. ಆಫ್ರಿಕಾದಿಂದ ಹಿಡಿದು ತರಲ್ಪಟ್ಟ ಗುಲಾಮನೊಬ್ಬ ದುಡಿದು ತನ್ನ ಸ್ವಾತಂತ್ರ್ಯವನ್ನು ಕೊಂಡ ಕಥೆ. ಎರಡು ವರ್ಷಗಳ ಹಿಂದೆ, 1951ರಲ್ಲಿ, ಗ್ರಂಥಪಾಲಕರು ನ್ಯೂಬೆರಿ ಕೊಟ್ಟದ್ದೂ ಇದಕ್ಕೇ! ಗುಲಾಮಗಿರಿಯನ್ನು ಇಷ್ಟೊಂದು ತಾಳ್ಮೆಯಿಂದ ಸಹಿಸುವ ನಾಯಕನನ್ನು ಚಿತ್ರಿಸಿದ್ದಕ್ಕಾಗಿ ಈ ಪುಸ್ತಕ ನಂತರದ ಕಾಲದಲ್ಲಿ ಟೀಕೆಗೊಳಗಾಯಿತು. ಮಕ್ಕಳು ಮತ ಹಾಕಿದರೂ ಅವರ ಮುಂದಿಡುವ ಪಟ್ಟಿ ತಯಾರಿಸುವವರು ದೊಡ್ಡವರು. ಕಪಾಟಿನಲ್ಲಿ ಇಲ್ಲದ್ದನ್ನು ಮಗು ಆರಿಸಲಾರದು.

ದೊಡ್ಡವರೂ ಮುಗ್ಗರಿಸುತ್ತಾರೆ. ಅದೇ 1953ರ ನ್ಯೂಬೆರಿಗೆ ಇ.ಬಿ. ವೈಟ್ ಅವರ 'ಶಾರ್ಲೆಟ್ಸ್ ವೆಬ್' ಕೂಡ ಕಣದಲ್ಲಿತ್ತು. ಕೊಯ್ಲಿಗೆ ಬರಲಿರುವ ಹಂದಿಮರಿಯನ್ನು ಜೇಡವೊಂದು ತನ್ನ ಬಲೆಯಲ್ಲಿ ಅಕ್ಷರ ನೇಯ್ದು ಉಳಿಸುವ ಕಥೆ. (ಹಂದಿಯ ಕಥೆಯೆಂದು ನಮ್ಮ ಕೆಲವು ಮನೆಗಳಲ್ಲಿ ಅದನ್ನು ಬದಿಗಿಟ್ಟದ್ದುಂಟು. ಪ್ರವಾದಿಯವರನ್ನು ಗುಹೆಯಲ್ಲಿ ಕಾಯ್ದದ್ದು ಜೇಡನ ಬಲೆಯೆಂದು ಅದೇ ಮನೆಗಳಲ್ಲಿ ಮಕ್ಕಳಿಗೆ ಕಥೆ ಹೇಳುತ್ತೇವೆ.) ಕೊನೆಗೆ ಜೇಡ ಜಾತ್ರೆಯ ಮೈದಾನದಲ್ಲಿ ಒಂಟಿಯಾಗಿ ಸಾಯುತ್ತದೆ. ಸಾವನ್ನು ಮಗುವಿನಿಂದ ಮರೆಮಾಚದ ಕಥೆ. ಸಮಿತಿ ಅದಕ್ಕೆ ಆನರ್ ಕೊಟ್ಟು, ಪದಕವನ್ನು ಪೆರುವಿನ ಇಂಕಾ ಬಾಲಕನೊಬ್ಬನ ಕುರಿತ 'ಸೀಕ್ರೆಟ್ ಆಫ್ ದಿ ಆಂಡೀಸ್' ಎಂಬ ಪುಸ್ತಕಕ್ಕೆ ಕೊಟ್ಟಿತು. ಇಂದು ಯಾವುದನ್ನು ಜಗತ್ತೆಲ್ಲ ಓದುತ್ತದೆ ಎಂದು ಹೇಳಬೇಕಾಗಿಲ್ಲ.

ಆದರೆ ರುಚಿಯ ತಪ್ಪು ಸಣ್ಣದು. ಅದನ್ನು ಕಾಲ ಸರಿಪಡಿಸುತ್ತದೆ. ಅದಕ್ಕಿಂತ ದೊಡ್ಡ ತಪ್ಪೊಂದಿದೆ. 1923ರ ಪದಕ ಪಡೆದ ಹ್ಯೂ ಲಾಫ್ಟಿಂಗ್‌ರ ಡಾಕ್ಟರ್ ಡೂಲಿಟ್ಲ್ ಕಾದಂಬರಿಯಲ್ಲಿ ಆಫ್ರಿಕಾದ ರಾಜಕುಮಾರ ಬಂಪೊ ನಗೆಯ ವಸ್ತು. 1988ರ ಆವೃತ್ತಿಗಳಲ್ಲಿ ಅಂಥ ಭಾಗಗಳನ್ನು ತಿದ್ದಬೇಕಾಯಿತು. 1940ರಲ್ಲಿ ಪದಕ ಪಡೆದ ಡೇನಿಯಲ್ ಬೂನ್ ಕುರಿತ ಪುಸ್ತಕದಲ್ಲಿ ಅಮೆರಿಕದ ಮೂಲನಿವಾಸಿಗಳು ಕಾಡಿನ ಕ್ರೂರಿಗಳು. ಆರಿಸಿದವರು ದುಷ್ಟರಾಗಿರಲಿಲ್ಲ. ಮಕ್ಕಳನ್ನು ಪ್ರೀತಿಸಿದ, ಪುಸ್ತಕಗಳಿಗಾಗಿ ಬದುಕು ಸವೆಸಿದ ಗ್ರಂಥಪಾಲಕರು. ಆದರೆ 'ಮಗು' ಎಂದಾಗ ಅವರ ಕಣ್ಣ ಮುಂದೆ ಬರುತ್ತಿದ್ದದ್ದು ಒಂದೇ ಬಗೆಯ ಮಗು. ಆ ಪುಸ್ತಕವನ್ನು ಒಬ್ಬ ಕಪ್ಪು ಹುಡುಗ, ಒಬ್ಬ ಮೂಲನಿವಾಸಿ ಹುಡುಗಿ ತೆರೆದು ತನ್ನನ್ನು ಹುಡುಕಬಹುದು ಎಂಬುದು ಅವರಿಗೆ ಹೊಳೆಯಲೇ ಇಲ್ಲ.

1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಣ ತಜ್ಞೆ ಅಮೆರಿಕದ ವಾರಪತ್ರಿಕೆಯೊಂದರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಹಿಂದಿನ ಮೂರು ವರ್ಷಗಳಲ್ಲಿ ಪ್ರಕಟವಾದ 5,206 ಮಕ್ಕಳ ಪುಸ್ತಕಗಳಲ್ಲಿ ಒಬ್ಬನಾದರೂ ಕಪ್ಪು ವ್ಯಕ್ತಿ ಕಾಣಿಸಿಕೊಂಡದ್ದು 349ರಲ್ಲಿ ಮಾತ್ರ. ಪುಸ್ತಕಗಳಲ್ಲಿರುವವರು ಯಾವಾಗಲೂ ಬಿಳಿಯ ಮಕ್ಕಳೇ ಯಾಕೆ ಎಂದು ಐದು ವರ್ಷದ ಕಪ್ಪು ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯಿಂದ ಆ ಲೇಖನ ಆರಂಭವಾಗುತ್ತದೆ. ಕಪ್ಪು ಜನಾಂಗದ ಲೇಖಕರಿಗೆ ಮೊದಲ ನ್ಯೂಬೆರಿ ಪದಕ ಸಿಕ್ಕಿದ್ದು 1975ರಲ್ಲಿ, ವರ್ಜೀನಿಯಾ ಹ್ಯಾಮಿಲ್ಟನ್‌ರಿಗೆ. ಪದಕ ಆರಂಭವಾಗಿ 53 ವರ್ಷಗಳ ಮೇಲೆ. ವಿಚಿತ್ರವೆಂದರೆ ನಮ್ಮ ಬಂಗಾಳದಿಂದ ಹೋಗಿ ಅಲ್ಲಿ ನೆಲೆಸಿದ್ದ ಧನ್ ಗೋಪಾಲ್ ಮುಖರ್ಜಿ 1928ರಷ್ಟು ಹಿಂದೆಯೇ ಅದನ್ನು ಪಡೆದಿದ್ದರು. ಕಲ್ಕತ್ತಾದ ಹುಡುಗನೊಬ್ಬ ಸಾಕಿದ ಚಿತ್ರಗ್ರೀವ ಎಂಬ ಪಾರಿವಾಳ ಮೊದಲ ಮಹಾಯುದ್ಧದಲ್ಲಿ ಸಂದೇಶ ಒಯ್ಯುವ ಕಥೆ ಅವರದು. ದೂರದ ಭಾರತದ ಹುಡುಗನನ್ನು ಗೌರವಿಸಿದ ಕಣ್ಣಿಗೆ ಪಕ್ಕದ ಬೀದಿಯ ಕಪ್ಪು ಹುಡುಗ ಕಾಣಲಿಲ್ಲ. ದೂರದವರ ಮೇಲಿನ ಪ್ರೀತಿ ಯಾವತ್ತೂ ಸುಲಭ.

ಇದನ್ನೆಲ್ಲ ಓದುವಾಗ ನನಗೆ ನೆನಪಾಗುವ ಶಬ್ದ ಅಮಾನತ್. ಇನ್ನೊಬ್ಬರ ವಸ್ತುವನ್ನು ನಂಬಿಕೆಯ ಮೇಲೆ ನಮ್ಮ ಕೈಯಲ್ಲಿಟ್ಟುಕೊಂಡಿರುವುದು. ಮಕ್ಕಳ ಸಾಹಿತ್ಯದಲ್ಲಿ ಬರೆಯುವವರು, ಪ್ರಕಟಿಸುವವರು, ಕೊಳ್ಳುವವರು, ಪ್ರಶಸ್ತಿ ಕೊಡುವವರು ಎಲ್ಲರೂ ದೊಡ್ಡವರೇ. ಯಾರ ಹೆಸರಿನಲ್ಲಿ ಇದೆಲ್ಲ ನಡೆಯುತ್ತದೋ ಅವರು ಕೋಣೆಯಲ್ಲಿಲ್ಲ. ಹಾಜರಿಲ್ಲದವನ ಪರವಾಗಿ ತೀರ್ಪು ಕೊಡುವವನಿಗೆ ಹೆಚ್ಚಿನ ಎಚ್ಚರ ಬೇಕು. ಕೋಣೆಯ ಹೊರಗಿರುವ ಮಕ್ಕಳಲ್ಲಿ ತನ್ನ ಮಗುವಿನಂತೆ ಇಲ್ಲದವರನ್ನು ಅವನು ಮೊದಲು ನೆನೆಯಬೇಕು. ಮಿಲ್ಡ್ರೆಡ್ ಟೇಲರ್‌ರ ಕಾದಂಬರಿಯಲ್ಲಿ ಹುಡುಗ ತುಳಿದದ್ದು ಜ್ಞಾನವನ್ನಲ್ಲ, ಈ ನೆನಪಿಲ್ಲದವರು ಅವನ ಕೈಗಿತ್ತ ವಸ್ತುವನ್ನು. ಅವನಿಗೂ, ಅವನ ಪಕ್ಷ ವಹಿಸಿದ ಅಕ್ಕನಿಗೂ ಟೀಚರ್ ಬೆತ್ತದ ರುಚಿ ತೋರಿಸುತ್ತಾರೆ. ಅದೇ ಶಾಲೆಯಲ್ಲಿ ಟೀಚರ್ ಆಗಿರುವ ತಾಯಿ ವಿಷಯ ಕೇಳಿ ಪುಸ್ತಕವನ್ನು ಎಸೆಯುವುದಿಲ್ಲ, ಮಗನನ್ನು ಸರಿಯೆಂದೂ ತಪ್ಪೆಂದೂ ಹೇಳುವುದಿಲ್ಲ. ಕಾಗದ ಕತ್ತರಿಸಿ ಆ ಪಟ್ಟಿಯ ಮೇಲೆ ಅಂಟಿಸುತ್ತಾಳೆ. ಲೇಖಕಿ ಅಲ್ಲಿ ಒಂದು ಸಾಲಿನ ಉಪದೇಶವನ್ನೂ ಸೇರಿಸುವುದಿಲ್ಲ. ಪದಕಕ್ಕೆ ಆ ಪುಸ್ತಕವನ್ನು ಅರ್ಹಗೊಳಿಸಿದ್ದು ವರ್ಣಭೇದದ ವಿರುದ್ಧ ಮಾತಾಡಿತು ಎಂಬುದಲ್ಲ, ಅಂಥ ಪುಸ್ತಕಗಳು ಬೇಕಾದಷ್ಟಿವೆ. ಓದುವ ಮಗುವಿಗೆ ಆ ಕಾಗದದ ಅರ್ಥ ತಾನಾಗಿ ಆಗುತ್ತದೆಂದು ಅದು ನಂಬಿತು.

ಇನ್ನು ನಮ್ಮ ಮಕ್ಕಳು. ಮುಸ್ಲಿಂ ಮಗು ಈ ಪುಸ್ತಕಗಳಲ್ಲಿ ಹೇಗೆ ಬಂದಿದೆ? 1949ರ ಪದಕ ಪಡೆದ ಮಾರ್ಗರಿಟ್ ಹೆನ್ರಿಯವರ 'ಕಿಂಗ್ ಆಫ್ ದಿ ವಿಂಡ್'ನಲ್ಲಿ ಮೊರೊಕ್ಕೊದ ಸುಲ್ತಾನನ ಕುದುರೆಲಾಯದ ಹುಡುಗ ಅಗ್ಬಾ ಇದ್ದಾನೆ. ಅವನ ಕಥೆ ತೆರೆದುಕೊಳ್ಳುವುದೇ ರಮಝಾನಿನ ಉಪವಾಸದಲ್ಲಿ. ಬಹಳ ಪ್ರೀತಿಯಿಂದ ಬರೆದ ಪುಸ್ತಕ. ಆದರೆ ಅಗ್ಬಾ ಮೂಗ. ಕಾಕತಾಳೀಯವೇ ಇರಬಹುದು, ಆದರೂ ಮುಸ್ಲಿಂ ಹುಡುಗನಿಗೆ ಮಾತು ಬರುವುದಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

1990ರಲ್ಲಿ ಆನರ್ ಪಡೆದ 'ಶಬಾನು' ಹೆಚ್ಚು ಚರ್ಚೆಗೊಳಗಾದ ಪುಸ್ತಕ. ಏಷ್ಯಾದಲ್ಲಿ ವರದಿಗಾರ್ತಿಯಾಗಿದ್ದ ಸುಝಾನ್ ಫಿಶರ್ ಸ್ಟೇಪಲ್ಸ್ ಬರೆದದ್ದು. ಪಾಕಿಸ್ತಾನದ ಚೋಲಿಸ್ತಾನ್ ಮರುಭೂಮಿಯ ಒಂಟೆ ಸಾಕುವ ಕುಟುಂಬದ ಹುಡುಗಿಯನ್ನು, ಜಮೀನ್ದಾರರೊಂದಿಗಿನ ಜಗಳ ತೀರಿಸಲು ವಯಸ್ಸಾದ ಶ್ರೀಮಂತನಿಗೆ ಮದುವೆ ಮಾಡಿಕೊಡಲು ನಿಶ್ಚಯಿಸುತ್ತಾರೆ. ಇದು ಇಸ್ಲಾಮನ್ನು ಕೆಟ್ಟದಾಗಿ ತೋರಿಸುವ ಪುಸ್ತಕ ಎಂದು ನಮ್ಮವರು ಹೇಳುವುದನ್ನು ನಾನು ಕೇಳಿದ್ದೇನೆ. ಅರ್ಧ ಒಪ್ಪುತ್ತೇನೆ. ಹುಡುಗಿಯ ಒಪ್ಪಿಗೆ ಕೇಳದ ಮದುವೆ ನಮ್ಮ ಧರ್ಮ ಹೇಳಿದ್ದಲ್ಲ, ಪುಸ್ತಕ ಓದಿದ ಅಮೆರಿಕದ ಮಗುವಿಗೆ ಆ ವ್ಯತ್ಯಾಸ ತಿಳಿಯುವುದು ಕಷ್ಟ. ಆದರೆ ಅಂಥ ಮದುವೆಗಳು ನಡೆಯುವುದಿಲ್ಲವೇ? ಶಬಾನು ದಡ್ಡಿಯೂ ಅಲ್ಲ, ಬರೀ ಬಲಿಪಶುವೂ ಅಲ್ಲ. ತನ್ನ ಕಾಲ ಮೇಲೆ ನಿಂತ ಶರ್ಮಾ ಎಂಬ ಹೆಂಗಸಿನ ಪಾತ್ರವೂ ಅಲ್ಲಿದೆ. ಪುಸ್ತಕ ಸುಳ್ಳು ಹೇಳುವುದಿಲ್ಲ. ತೊಂದರೆ ಇರುವುದು ಆ ಕಪಾಟಿನಲ್ಲಿ ಅದರ ಪಕ್ಕ ಇನ್ನೊಂದು ಮುಸ್ಲಿಂ ಹುಡುಗಿ ಇರಲಿಲ್ಲ ಎಂಬುದರಲ್ಲಿ. ಅದಕ್ಕೆ ಸ್ಟೇಪಲ್ಸ್‌ರನ್ನು ಮಾತ್ರ ಹೊಣೆ ಮಾಡಿ ಏನು ಪ್ರಯೋಜನ? ಆ ಇನ್ನೊಬ್ಬಳನ್ನು ಬರೆಯಬೇಕಾದವರು ಯಾರು?

ಈಗ ಬರೆಯುತ್ತಿದ್ದಾರೆ. 2020ರಲ್ಲಿ ಸಿರಿಯಾದಿಂದ ಅಮೆರಿಕಕ್ಕೆ ಬಂದ ಹುಡುಗಿಯ ಕಥೆ ಹೇಳುವ ಜಾಸ್ಮಿನ್ ವರ್ಗಾರ 'ಅದರ್ ವರ್ಡ್ಸ್ ಫಾರ್ ಹೋಮ್' ಆನರ್ ಪಡೆಯಿತು. ಅದರ ಹಿಂದಿನ ವರ್ಷ ಆನರ್ ಪಡೆದ ವೀರಾ ಹೀರಾನಂದಾನಿಯವರ 'ದಿ ನೈಟ್ ಡೈರಿ' ನಮಗೆ ಇನ್ನೂ ಹತ್ತಿರದ್ದು. 1947. ಸಿಂಧ್‌ನ ಮೀರ್‌ಪುರ್ ಖಾಸ್. ಹನ್ನೆರಡು ತುಂಬಿದ ನಿಶಾಳ ತಂದೆ ಹಿಂದೂ, ಡಾಕ್ಟರು. ಅವಳನ್ನು ಹೆತ್ತು ತೀರಿಹೋದ ತಾಯಿ ಮುಸ್ಲಿಂ. ಜನರೆದುರು ಬಾಯಿ ಬಿಡದ ಈ ಹುಡುಗಿ ಇಲ್ಲದ ತಾಯಿಗೆ ರಾತ್ರಿ ಹೊತ್ತು ಡೈರಿಯಲ್ಲಿ ಬರೆಯುತ್ತಾಳೆ. ಮನೆಯಲ್ಲಿ ಅವಳಿಗೆ ಹತ್ತಿರದವನು ಅಡುಗೆಯ ಖಾಝಿ, ಅವನು ಮುಸ್ಲಿಂ. ದೇಶ ಒಡೆದಾಗ ತಂದೆ, ಅಜ್ಜಿ, ಅವಳಿ ತಮ್ಮನೊಂದಿಗೆ ಅವಳು ಗಡಿ ದಾಟಬೇಕು, ಖಾಝಿ ಉಳಿಯಬೇಕು. ಹೊರಡುವಾಗ ಅವನು ತನ್ನ ಅರೆಯುವ ಕಲ್ಲು-ಗುಂಡನ್ನು ಅವಳ ಕೈಗಿಡುತ್ತಾನೆ. ನೀರಿಲ್ಲದ ದಾರಿಯಲ್ಲಿ ಸಾವಿನ ಬಾಯಿಂದ ಪಾರಾಗಿ ಅವರು ಅಡಗುವುದು ತಾಯಿಯ ಸಹೋದರ ರಶೀದನ ಮನೆಯಲ್ಲಿ. ನಿಶಾ ಡೈರಿಯಲ್ಲಿ ಕೇಳುವುದು ಒಂದೇ: ಅರ್ಧ ಅವರು, ಅರ್ಧ ಇವರು ಆಗಿರುವ ತಾನು ಈಗ ಯಾವ ಕಡೆಯವಳು? ಪುಸ್ತಕ ಇದಕ್ಕೆ ಉತ್ತರ ಕೊಡುವುದಿಲ್ಲ. ಹಿಂದೂ-ಮುಸ್ಲಿಮರು ಸೋದರರಂತೆ ಬಾಳಬೇಕು ಎಂದು ಯಾರೂ ಭಾಷಣ ಮಾಡುವುದಿಲ್ಲ. ಮಸಾಲೆ ಅರೆಯುವ ಆ ಕಲ್ಲಿನ ಭಾರವನ್ನು ಹೊತ್ತು ಮಗು ಗಡಿ ದಾಟುತ್ತದೆ, ಅಷ್ಟೆ. ವಿಭಜನೆಯ ಬಗ್ಗೆ ನಾನು ಓದಿದ ಎಷ್ಟೋ ದಪ್ಪ ಪುಸ್ತಕಗಳು ಮರೆತುಹೋಗಿವೆ, ಆ ಕಲ್ಲು ಮರೆತಿಲ್ಲ.

ಅನ್ಯರ ಪುಸ್ತಕಗಳಲ್ಲಿ ನಮ್ಮ ಮಕ್ಕಳು ಹೇಗಿದ್ದಾರೆ ಎಂದು ಕೇಳುವ ನಾವು, ನಮ್ಮದೇ ಪುಸ್ತಕಗಳಲ್ಲಿ ಹೇಗಿದ್ದಾರೆ ಎಂದೂ ಕೇಳಬೇಕಲ್ಲ. ಮದ್ರಸದ ಕಪಾಟಿನ ಕಥೆಗಳ ಹುಡುಗ ಐದು ಹೊತ್ತು ನಮಾಝ್ ಮಾಡುತ್ತಾನೆ, ಸುಳ್ಳು ಹೇಳುವುದಿಲ್ಲ, ಅವನಿಗೆ ಯಾರ ಮೇಲೂ ಅಸೂಯೆಯಿಲ್ಲ. ಇಂಥ ಹುಡುಗನನ್ನು ನಮ್ಮ ಮಕ್ಕಳು ಬೀದಿಯಲ್ಲಾಗಲಿ ಕನ್ನಡಿಯಲ್ಲಾಗಲಿ ಕಂಡಿಲ್ಲ. ಯೂಸುಫ್(ಅ)ರ ಅಣ್ಣಂದಿರನ್ನು ಬಲ್ಲ ಸಮುದಾಯ ತನ್ನ ಮಕ್ಕಳಿಗೆ ಇಷ್ಟು ಸಪ್ಪೆ ಕಥೆ ಕೊಡುವುದು ಆಶ್ಚರ್ಯವೇ ಸರಿ.

ನಮ್ಮಲ್ಲೂ ಮನ್ನಣೆಯ ಒಂದು ಒಳ್ಳೆಯ ನಿದರ್ಶನವಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರವನ್ನು ಆರಂಭಿಸಿದಾಗ ಕನ್ನಡಕ್ಕೆ ಸಂದ ಮೊದಲ ಪುರಸ್ಕಾರ ಬೊಳುವಾರು ಮಹಮದ್ ಕುಂಞಿಯವರ, ಪಾಪು ಗಾಂಧಿ ಬಾಪು ಆದ ಕಥೆ ಹೇಳುವ ಮಕ್ಕಳ ಕಾದಂಬರಿಗೆ. ಮುಸ್ಲಿಮರ ಬದುಕನ್ನು ಕನ್ನಡ ಕಥೆಗೆ ತಂದವರು ಬೊಳುವಾರು. ಮಕ್ಕಳಿಗೆ ಬರೆಯುವಾಗ ಅವರು ಆರಿಸಿಕೊಂಡದ್ದು ಗಾಂಧಿಯನ್ನು. ಅಣ್ಣನ ಕಡಗದ ಚಿನ್ನ ಕದ್ದು, ತಾಳಲಾರದೆ ತಂದೆಗೆ ಚೀಟಿ ಬರೆದು ಒಪ್ಪಿಕೊಂಡೆನೆಂದು ಆತ್ಮಕಥೆಯಲ್ಲಿ ಸ್ವತಃ ಹೇಳಿಕೊಂಡ ಗಾಂಧಿಯನ್ನು. ಪ್ರತಿ ಸಮುದಾಯದ ಲೇಖಕ ತನ್ನವರ ಬಗ್ಗೆ ಮಾತ್ರ ಬರೆಯಲಿ ಎಂದು ಪಾಲು ಹಂಚುವವರಿಗೆ ಈ ಪುರಸ್ಕಾರ ನೆನಪಿರಬೇಕು. ನಾನು ಮೇಲೆ ಹೇಳಿದ ಮಾತಿಗೂ ಇದು ತಿದ್ದುಪಡಿ.

ಕಳೆದ ಈದ್‌ಗೆ ಸಂಬಂಧಿಕರ ಹುಡುಗನೊಬ್ಬನಿಗೆ ಅದನ್ನೇ ಕೊಟ್ಟೆ. ಅವನ ತಾಯಿ ರಟ್ಟು ನೋಡಿ, "ನಮ್ಮವರದ್ದು ಯಾವುದೂ ಸಿಗಲಿಲ್ವಾ ಕಾಕಾ?" ಎಂದು ಕೇಳಿದಳು. ಬರೆದವರು ನಮ್ಮವರೇ ಎಂದೆ. ಬರೆಸಿಕೊಂಡವರೂ ನಮ್ಮವರೇ ಎನ್ನಬೇಕೆಂದುಕೊಂಡೆ, ಆದರೆ ಅಷ್ಟರಲ್ಲಿ ಅತಿಥಿಗಳು ಬಂದರು. ಹದಿನೈದು ದಿನ ಬಿಟ್ಟು ಫೋನ್ ಮಾಡಿದಾಗ ಹುಡುಗನನ್ನು ವಿಚಾರಿಸಿದೆ. ಅರ್ಧ ಓದಿದ್ದಾನಂತೆ. ಉಳಿದದ್ದು ಪರೀಕ್ಷೆ ಮುಗಿದ ಮೇಲೆ ಎಂದ.